ಬಡಗಿಯ ಎಡಗೈ

ತಾನು ನ್ಯಾಯವಂತ ಎಂಬ ನಂಬಿಕೆ ಅವನಿಗೆ ಬೆಳಗಿನ ಹೊತ್ತು ಹೆಚ್ಚು. ಆಸ್ಪತ್ರೆಯ ನೆಲಮಾಳಿಗೆಯ ಬಾಗಿಲು ತಳ್ಳಿ, ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿದು, ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಕೂತ ನೆಟ್‌ವರ್ಕ್ ಸ್ವಿಚ್ಚುಗಳ ಹಸಿರು ದೀಪಗಳು ಪಿಳಿಪಿಳಿ ಮಿನುಗುವುದನ್ನು ಕಂಡ ಕೂಡಲೇ, ಇಷ್ಟು ದೊಡ್ಡ ಕಟ್ಟಡದಲ್ಲಿ ಯಾರ ಮುಲಾಜಿಗೂ ಬೀಳದೆ ಕೆಲಸ ಮಾಡುವವನು ತಾನೊಬ್ಬನೇ ಎಂದು ಎದೆ ಸ್ವಲ್ಪ ಉಬ್ಬುತ್ತಿತ್ತು. ಇವತ್ತು ಮಾತ್ರ ಯಾಕೋ ಉಬ್ಬಲಿಲ್ಲ. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ಚಾಕು ಕೆಳಗಿಟ್ಟು, "ನಿನ್ನೆ ಮಧ್ಯಾಹ್ನ ನಾನು ಯಾಕೆ ಫೋನ್ ಮಾಡಿದ್ದೆ ಅಂತ ನೀನು ಕೇಳಲೇ ಇಲ್ಲ" ಎಂದಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೆಲ್ಲ ಕೈಯಲ್ಲಿ. ಕೈಮಾತಿನಲ್ಲಿ ನೀನು, ನೀವು ಎಂಬ ಭೇದವಿಲ್ಲ, ಎದುರಿನವರತ್ತ ಬೆರಳು ಮಾಡಿದರೆ ಮುಗಿಯಿತು. ಆದರೆ ಅವಳು ಬೆರಳು ಮಾಡುವ ರೀತಿಯನ್ನು ಒಮ್ಮೆ ನೋಡಿದವರು ಅದನ್ನು 'ನೀವು' ಎಂದು ಬರೆಯಲಾರರು. "ಯಾಕೆ ಮಾಡಿದ್ದೆ?" ಎಂದು ಅವನು ಕೇಳಿದ. "ಬಿಡು, ಹಳಸಿಹೋಯ್ತು" ಎಂದು ಅವಳು ಮತ್ತೆ ಚಾಕು ಎತ್ತಿಕೊಂಡಳು. ಅವಳ ಕೈಗೆ ಚಾಕು ಬಂತೆಂದರೆ ಆ ಮಾತು ಮುಗಿದಂತೆಯೇ. ಬೇರೆ ಮನೆಗಳಲ್ಲಿ ಗಂಡಂದಿರು ಬಾಗಿಲಾಚೆಯಿಂದಲಾದರೂ ಕೂಗಿ ಕೇಳಬಹುದು, ಇವನಿಗೆ ಆ ಅನುಕೂಲವಿಲ್ಲ. ಅವಳು ತಲೆ ಎತ್ತುವವರೆಗೆ ಕಾದ. ಅವಳು ಎತ್ತಲಿಲ್ಲ. ಬೂಟು ಹಾಕಿಕೊಂಡು ಬಂದ.

ನಿನ್ನೆ ಆದದ್ದು ಇಷ್ಟೆ. ಊಟದ ಹೊತ್ತಿಗೆ ಅವಳ ವಿಡಿಯೊ ಕರೆ ಬಂತು. ಆಸ್ಪತ್ರೆಯ ವೈಫೈ ಅವಳನ್ನು ಎಂದಿನಂತೆ ಅರ್ಧಕ್ಕೇ ನಿಲ್ಲಿಸಿತು. ಒಂದು ಕೈ ಗಾಳಿಯಲ್ಲಿ, ಬಾಯಿ ಅರೆತೆರೆದು, ಕಣ್ಣು ಇನ್ನೇನು ಮುಚ್ಚಬೇಕು, ಅಲ್ಲಿಗೆ ಕಲ್ಲು. ತಡಿ, ಹೊರಗೆ ಹೋಗ್ತೀನಿ ಎಂದು ಸನ್ನೆ ಮಾಡಿ, ಮೆಟ್ಟಿಲು ಹತ್ತಿ, ಸೈಕಲ್ಲು ನಿಲ್ಲಿಸುವ ಅಂಗಳಕ್ಕೆ ಬಂದು ತನ್ನ ಫೋನಿನ ಡೇಟಾ ಹಾಕಿಕೊಳ್ಳುವಷ್ಟರಲ್ಲಿ ಅವಳು ಇಟ್ಟುಬಿಟ್ಟಿದ್ದಳು. ಅವನ ಸಹೋದ್ಯೋಗಿಗಳಿಗೆ ಈ ಅಂಗಳದ ಓಟ ಹೊಸದಲ್ಲ. ಪಾಪ, ತನ್ನ ಹೆಂಡತಿಗೂ ಒಂದು ದಾರಿ ಮಾಡಿಕೊಳ್ಳಲಿಲ್ಲ ಮನುಷ್ಯ, ಎಂದು ಅವರು ಆಡಿಕೊಳ್ಳುವುದು ಅವನ ಕಿವಿಗೆ ಬಿದ್ದಿತ್ತು. ಬಿದ್ದಾಗಲೆಲ್ಲ ಹಿತವಾಗಿತ್ತು.

ಅವನ ಕೆಲಸವೇ ದಾರಿ ಮಾಡುವುದು, ಮುಚ್ಚುವುದು. ರೋಗಿಯ ಎದೆ ಬಡಿತದ ಗೆರೆ, ಮೇಜಿನ ಫೋನುಗಳ ಮಾತು, ಎಕ್ಸ್‌ರೇ ಚಿತ್ರ, ಬಿಲ್ಲು, ಹೊರಗೆ ಬೆಂಚಿನ ಮೇಲೆ ಕಾಯುವವರು ನೋಡುವ ಸಿನಿಮಾ, ಎಲ್ಲವೂ ಚೂರು ಚೂರಾಗಿ ಒಂದೇ ತಂತಿಯಲ್ಲಿ ಹರಿಯಬೇಕು. ದಾರಿ ಇಕ್ಕಟ್ಟಾದಾಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಪ್ರತಿ ಸ್ವಿಚ್ಚಿಗೂ ಅವನು ಬರೆದಿಟ್ಟಿದ್ದಾನೆ. ಎದೆಬಡಿತ ಮೊದಲ ಸಾಲು. ಫೋನಿನ ಮಾತು ಎರಡನೆಯದು. ಚಿತ್ರಗಳು, ಲೆಕ್ಕಪತ್ರ ಮೂರು. ಚಲಿಸುವ ಚಿತ್ರ, ಅಂದರೆ ವಿಡಿಯೊ ಅನ್ನುವುದೆಲ್ಲ, ಯಾರ ಫೋನಿನಿಂದ ಬರಲಿ ಯಾವ ಪರದೆಗೆ ಹೋಗಲಿ, ಕೊನೆಯ ಸಾಲು; ಅದರ ಮೇಲೆ ಒಂದು ಮಿತಿ ಬೇರೆ. ಮಿತಿ ಮೀರಿದ್ದನ್ನು ಸ್ವಿಚ್ಚು ತಡೆದಿಟ್ಟುಕೊಂಡು ಆಮೇಲೆ ಕಳಿಸುವುದಿಲ್ಲ, ಅಲ್ಲೇ ಬಿಸಾಡುತ್ತದೆ. ಪ್ರತಿಯೊಂದು ಯಂತ್ರವೂ ತನ್ನ ಚೂರುಗಳ ತಲೆಯ ಮೇಲೆ ತಾನು ಬಲು ಮುಖ್ಯ ಎಂದು ಗುರುತು ಹಾಕಿಕೊಂಡೇ ಬರುತ್ತದೆ. ಅವನು ಆ ಗುರುತನ್ನು ಬಾಗಿಲಲ್ಲೇ ಅಳಿಸಿ ತನ್ನ ಗುರುತು ಹಾಕುತ್ತಾನೆ. ಎಕ್ಸ್‌ರೇಯವರು ಬಂದು ಕೇಳಿದ್ದಾರೆ, ಲೆಕ್ಕದವರು ಕೇಳಿದ್ದಾರೆ, ಆಡಳಿತಾಧಿಕಾರಿ ತನ್ನ ಭಾಷಣ ಎಲ್ಲ ಮಹಡಿಗಳಲ್ಲೂ ನಡುಗದೆ ಕಾಣಬೇಕು ಎಂದು ಚೀಟಿ ಕಳಿಸಿದ್ದಾನೆ. ಎಲ್ಲರಿಗೂ ಅವನದು ಒಂದೇ ಉತ್ತರ: ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಹೀಗೆ ಕೈಬಿಗಿ ಹಿಡಿದು ಹಿಡಿದು ಅವನಿಗೆ 'ನಲ್ಲಿ ಸಾಹೇಬ' ಎಂಬ ಹೆಸರು ಬಿದ್ದಿದೆ.

ಕ್ಯಾಂಟೀನಿನಲ್ಲಿ ಒಮ್ಮೆ ಲೆಕ್ಕದ ಗುಮಾಸ್ತ ಎಲ್ಲರೆದುರು ಕೆಣಕಿದ್ದ: "ನಲ್ಲಿ ಸಾಹೇಬ್ರೆ, ನಮ್ಮದು ಹಾಳಾಗ್ಲಿ, ಮನೆಯೋರ ಫೋನಿಗಾದ್ರೂ ಸ್ವಲ್ಪ ತಿರುಗಿಸ್ತೀರೋ ಇಲ್ವೋ?" ಅವನು ಟೀ ಲೋಟ ಕೆಳಗಿಟ್ಟು, "ನಮ್ಮ ಮನೆಯೋರಿಗೂ ಅದೇ ಸಾಲು" ಎಂದಿದ್ದ. ಯಾರೋ ಮೆಚ್ಚಿ ತಲೆಯಾಡಿಸಿದರು. ಆ ಮಾತನ್ನು ಅವನು ಎಷ್ಟೋ ದಿನ ಬಾಯಲ್ಲಿ ಹೊರಳಿಸಿಕೊಂಡು ಓಡಾಡಿದ, ಕರಗಲಿ ಎಂದು ಕಚ್ಚದೆ ಇಟ್ಟ ಪೆಪ್ಪರ್‌ಮಿಂಟಿನ ಹಾಗೆ. ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈಗ, ದೀಪಗಳ ಎದುರು ನಿಂತು, ಕೇಳಿಕೊಂಡ. ಅವಳಿಗೆ ಹೇಳಿದ್ದರೆ ಅದು ಅಷ್ಟು ದೊಡ್ಡ ಮಾತಾಗಿ ಕಾಣುತ್ತಿರಲಿಲ್ಲವೇನೋ. ನಿನ್ನೆ ನಿಂತುಹೋದ ಆ ಕೈ ಯಾವ ಮಾತಿನ ಶುರು ಎಂದು ಊಹಿಸಲು ನೋಡಿದ. ಅಂಗೈ ಮೇಲ್ಮುಖವಾಗಿತ್ತು. ಕೇಳುವುದಿರಬಹುದು, ಕೊಡುವುದಿರಬಹುದು, ಬರಿಯ ಸುಸ್ತೂ ಇರಬಹುದು.

ಮೇಜಿನ ಫೋನು ಹೊಡೆದುಕೊಂಡಿತು. ಮೂರನೇ ಮಹಡಿಯ ಹಿರಿಯ ಸಿಸ್ಟರ್.

"ಸಾಹೇಬ್ರೆ, ಸ್ವಲ್ಪ ಮೇಲೆ ಬನ್ನಿ. ಪರದೆಯಲ್ಲಿ ಇರೋರು ಮತ್ತೆ ಕಲ್ಲಾಗಿದ್ದಾರೆ."

"ಅದು ಆಚೆ ಕಡೆಯ ತೊಂದರೆ ಇರುತ್ತೆ ಸಿಸ್ಟರ್."

"ಹೋದ ಸಲಾನೂ ಇದನ್ನೇ ಹೇಳಿದ್ರಿ. ಆಚೆ ಕಡೆ ಈ ಕಡೆ ನಂಗೆ ಗೊತ್ತಿಲ್ಲ. ಇಲ್ಲೊಬ್ರಿಗೆ ಆಪರೇಷನ್ ಆಗ್ಬೇಕು, ಡಾಕ್ಟ್ರು ನನ್ನ ತಲೆ ತಿಂತಿದ್ದಾರೆ. ಬನ್ನಿ."

ಹೋದ ಸಲ. ಮೆಟ್ಟಿಲು ಹತ್ತುವಾಗ ಆ ಹೋದ ಸಲ ಅವನ ಜೊತೆ ಹತ್ತಿತು. ಕಿವಿ ಕೇಳದ ರೋಗಿಗಳ ಹತ್ತಿರ ಮಾತಾಡಲು ವಾರ್ಡುಗಳಿಗೆ ಒಂದೊಂದು ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟಿದ್ದರು. ಎಲ್ಲೋ ದೂರದ ಕಚೇರಿಯಲ್ಲಿ ಕೂತ ಅನುವಾದಕಿ ಪರದೆಯಲ್ಲಿ ಕಾಣಿಸಿಕೊಂಡು ಕೈಮಾತನ್ನು ಬಾಯಿಮಾತು ಮಾಡುತ್ತಾಳೆ, ಬಾಯಿಮಾತನ್ನು ಕೈಮಾತು. ಚಿತ್ರ ಅಂಟಿಕೊಳ್ಳುತ್ತದೆ ಎಂದು ದೂರು ಬಂದಾಗ ಅವನು ಓದಿದ್ದ. ಓದಿ, ಇದು ವಿಡಿಯೊ, ಎಂದುಕೊಂಡಿದ್ದ. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂದಿತ್ತು, ಬಂದದ್ದನ್ನು ಈಗ ಇಲ್ಲವೆನ್ನುವ ಹಾಗಿಲ್ಲ: ಕೈಮಾತಿನವರ ಸಾಲನ್ನು ಮೇಲಕ್ಕೆತ್ತಿದರೆ ನಾಳೆ ಕ್ಯಾಂಟೀನಿನಲ್ಲಿ ಏನನ್ನುತ್ತಾರೆ? ನೋಡಿದ್ರಾ, ಕೊನೆಗೂ ಹೆಂಡತಿಗೆ ನಲ್ಲಿ ತಿರುಗಿಸ್ದ.

ವಾರ್ಡಿನ ಮೂಲೆಯ ಮಂಚದಲ್ಲಿ ಗಟ್ಟಿಮುಟ್ಟಾದ ಆಳೊಬ್ಬ ಕೂತಿದ್ದ. ಕಿವಿ ಕೇಳದ ಬಡಗಿ, ಉಳಿ ಜಾರಿ ಬಲಗೈಯ ಎರಡು ಬೆರಳಿನ ನರ ತುಂಡಾಗಿದೆ ಎಂದು ಸಿಸ್ಟರ್ ಬಾಗಿಲಲ್ಲೇ ತಿಳಿಸಿದರು. ನರ ಇವತ್ತೇ ಹೊಲಿಯಬೇಕು; ತಡವಾದರೆ ಅದು ಒಳಕ್ಕೆ ಸರಿದು ಬೆರಳು ಕಟ್ಟಿಗೆಯಾಗುತ್ತದೆ. ಆದರೆ ಬಡಗಿ ಒಪ್ಪಿಗೆಗೆ ಹೆಬ್ಬೆಟ್ಟೂ ಒತ್ತುತ್ತಿಲ್ಲ, ಸೂಜಿ ಹಾಕಲು ಎಡಗೈಯನ್ನೂ ಕೊಡುತ್ತಿಲ್ಲ. ಹಿಡಿಯಲು ಹೋದರೆ ಬೆನ್ನ ಹಿಂದೆ ಬಚ್ಚಿಡುತ್ತಾನೆ. "ಇಷ್ಟು ದೊಡ್ಡ ಮನುಷ್ಯ, ಸೂಜಿಗೆ ಹೆದರೋದಾ" ಎಂದು ಸಿಸ್ಟರ್ ಬೇಸರದಿಂದಲ್ಲ, ಮರುಕದಿಂದಲೇ ಅಂದರು. ಕಿಟಕಿಯ ಬಳಿ ನಿಂತಿದ್ದ ಶಸ್ತ್ರವೈದ್ಯ ಗಡಿಯಾರ ನೋಡಿಕೊಂಡ. ಊಟದ ಹೊತ್ತಿಗೆ ಮೊದಲು ಇವರನ್ನು ಒಳಗೆ ತೆಗೆದುಕೊಳ್ಳದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದ.

ಅವನು ಮಂಚದ ಪಕ್ಕದ ಟ್ಯಾಬ್ಲೆಟ್ಟಿನ ಪರದೆ ನೋಡಿದ. ಅನುವಾದಕಿ ಬೆರಳು ಬಿಡಿಸಿಕೊಂಡು, ಕಣ್ಣು ಅರೆಮುಚ್ಚಿ ನಿಂತಿದ್ದಳು. ಒಮ್ಮೆಲೆ ಇನ್ನೊಂದು ಭಂಗಿಗೆ ಹಾರಿದಳು, ಮತ್ತೆ ನಿಂತಳು. ನಡುವಿನ ಚಲನೆಯೇ ಇಲ್ಲ. ತಡವಾಗಿ ಬರುವ ಚಿತ್ರ ಬೇರೆ, ಕತ್ತರಿಸಿಕೊಂಡು ಬರುವ ಚಿತ್ರ ಬೇರೆ. ಅದನ್ನು ಗುರುತಿಸುವುದಕ್ಕೇ ಅವನಿಗೆ ಸಂಬಳ. ಇಲ್ಲಿ ಯಾವ ದಾರಿಯೂ ಕೆಟ್ಟಿರಲಿಲ್ಲ. ಎಲ್ಲವೂ ಅವನು ಬರೆದಿಟ್ಟ ಹಾಗೆಯೇ ಚೊಕ್ಕವಾಗಿ ನಡೆಯುತ್ತಿತ್ತು. ಮಿತಿ ಮೀರಿದ್ದನ್ನು ಸ್ವಿಚ್ಚು ಬಿಸಾಡುತ್ತಿತ್ತು, ಅಷ್ಟೆ. ಬಾಯಿಮಾತು ಕಡಮೆ ಜಾಗದಲ್ಲೂ ನುಸುಳಿ ಬರುತ್ತದೆ, ಅದಕ್ಕೆ ಎರಡನೇ ಸಾಲು ಕೊಟ್ಟು ಕಾಪಾಡಿದ್ದ; ಕೈಮಾತಿಗೆ ಜಾಗ ಹೆಚ್ಚು ಬೇಕು, ಅದನ್ನು ಸಿನಿಮಾದ ಜೊತೆ ಕೂಡಿಸಿ ಕತ್ತರಿಸಿದ್ದ. ಇಷ್ಟು ವರ್ಷ ಕೈಮಾತಿನ ಮನೆಯಲ್ಲಿ ಉಂಡು ಮಲಗಿದವನು. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಅದಕ್ಕಿಂತ ಸರಿಯಾದ ಬುಡ ಇನ್ನೆಲ್ಲಿ ಸಿಗಬೇಕು. ನಾಚಿಕೆಯಾಯಿತು. ಕಿವಿಯ ತುದಿ ಬಿಸಿಯಾಗುವಷ್ಟು, ಸಿಸ್ಟರ್ ನೋಡಿದರೇನೋ ಎನ್ನುವಷ್ಟು ನಾಚಿಕೆಯಾಯಿತು.

ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಬಡಗಿಯ ಎದುರಿಗೆ ಹೋಗಿ ಕೈ ಎತ್ತಿದ. "ನನಗೆ ಸ್ವಲ್ಪ ಬರುತ್ತೆ. ಹೇಳಿ" ಎಂದ. ಬಡಗಿ ಅವನ ಕೈಗಳನ್ನು ನೋಡಿದ, ಮುಖ ನೋಡಿದ, ಮತ್ತೆ ಕೈಗಳನ್ನು ನೋಡಿದ. ಅಷ್ಟು ಹೊತ್ತು ಬಿಗಿದಿದ್ದ ಆ ಮುಖದಲ್ಲಿ ತುಂಟತನದ ಒಂದು ಗೆರೆ ಮೂಡಿತು. ಎಡಗೈ ಬೆನ್ನ ಹಿಂದಿನಿಂದ ಹೊರಗೆ ಬಂತು.

"ಹೆಂಡತಿ ಹತ್ರ ಕಲಿತಿದ್ದಾ?"

ಅವನು ಹೌದೆಂದ.

"ಗೊತ್ತಾಗುತ್ತೆ. ಹೆಂಗಸರ ಹಾಗೆ ಮಾತಾಡ್ತೀರಿ."

"ಏನಂತಾರೆ?" ಎಂದರು ಸಿಸ್ಟರ್. "ಏನಿಲ್ಲ" ಎಂದ ಅವನು. ಮಣಿಕಟ್ಟು ಬಳುಕಿಸಿ, ಬೆರಳ ತುದಿಯಲ್ಲಿ ಮಾತು ಮುಗಿಸುವುದು ಹೆಂಡತಿಯ ರೀತಿ. ಅದೇ ಭಾಷೆ ಎಂದು ಅವನು ತಿಳಿದಿದ್ದ. ಯಾರೂ ಇದುವರೆಗೆ ಹೇಳಿರಲಿಲ್ಲ. ಅವಳ ಗೆಳತಿಯರು ಮನೆಗೆ ಬಂದಾಗ ಅವನು ಮಾತಿಗೆ ಕೂತರೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಬಡಗಿ ಒಂದೇ ಕೈಯಲ್ಲಿ ಶುರುಮಾಡಿದ. ಎರಡು ಕೈ ಬೇಕಾದ ಮಾತುಗಳೆಲ್ಲ ಅರ್ಧರ್ಧ ಬರುತ್ತಿದ್ದವು. ಇನ್ನರ್ಧ ಬಟ್ಟೆ ಸುತ್ತಿದ ಬಲಗೈಯಲ್ಲಿ ಸಿಕ್ಕಿಕೊಂಡಿತ್ತು. ಅವನಿಗೆ ಹಿಡಿಯಲಾಗಲಿಲ್ಲ. ಇನ್ನೊಮ್ಮೆ, ಎಂದ. ಬಡಗಿ ಕೋಪಿಸಿಕೊಳ್ಳಲಿಲ್ಲ, ನಿಧಾನವಾಗಿ, ಮರದ ಮೇಲೆ ಗೆರೆ ಎಳೆದು ತೋರಿಸುವ ಹಾಗೆ, ಮತ್ತೆ ಹೇಳಿದ. ಬಟ್ಟೆ ಸುತ್ತಿದ ಕೈ ತೋರಿಸಿದ. ಎಡಗೈಯ ಬೆನ್ನ ಮೇಲೆ, ಸೂಜಿ ಹಾಕುವ ಜಾಗ, ಗದ್ದದಿಂದ ತಟ್ಟಿ ತೋರಿಸಿದ. ಆಮೇಲೆ ಎಡಗೈ ತೆರೆದು ಎಲ್ಲರ ಎದುರಿಗೆ ಚಾಚಿದ.

ಅವನು ತಿರುಗಿ ಹೇಳಿದ: "ಸೂಜಿಗೆ ಹೆದರಿಲ್ಲ ಅವರು. ಈ ಕೈ ನೀವು ಕಟ್ಟಿಬಿಡ್ತೀರಿ, ಆ ಕೈಗೆ ಸೂಜಿ ಹಾಕಿ ಪಟ್ಟಿ ಸುತ್ತಿ ಅಲ್ಲಾಡಿಸ್ಬೇಡಿ ಅಂತೀರಿ. ಎದ್ದ ಮೇಲೆ ನೋವಾದ್ರೆ, ಉಸಿರು ಕಟ್ಟಿದ್ರೆ, ಯಾವುದ್ರಲ್ಲಿ ಹೇಳ್ಲಿ ಅಂತ ಕೇಳ್ತಿದ್ದಾರೆ."

ಸಿಸ್ಟರ್ ಕೈಯಲ್ಲಿದ್ದ ತಟ್ಟೆಯನ್ನು ಮಂಚದ ಮೇಲಿಟ್ಟರು.

"ಅಷ್ಟೇನಾ? ಮೊಣಕೈ ಮೇಲೆ ಹಾಕ್ಬಹುದು. ಕಾಲಿಗೆ ಬೇಕಾದ್ರೂ ಹಾಕ್ಬಹುದು. ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಇವ್ರು?"

"ಹೇಳ್ತಾನೇ ಇದ್ರು" ಎಂದ ಅವನು.

ಶಸ್ತ್ರವೈದ್ಯ ಹತ್ತಿರ ಬಂದು ಬಡಗಿಯ ಹೆಗಲು ಮುಟ್ಟಿ ತಲೆಯಾಡಿಸಿದ. ಎಡಗೈ ಬಿಡುವಾಗಿರುತ್ತದೆ ಎಂದು ಅವನಿಂದ ಹೇಳಿಸಿದ. ಬಡಗಿಯ ಭುಜ ಇಳಿಯಿತು. ಆದರೂ ಒಪ್ಪಿಗೆ ಇವನ ಮೂಲಕ ಆಗುವ ಹಾಗಿರಲಿಲ್ಲ. "ತಪ್ಪು ತಿಳ್ಕೋಬೇಡಿ. ನೀವು ಮನೆಮಾತು ಬಲ್ಲೋರು. ಅರಿವಳಿಕೆ ಕೊಡೋದು, ಅದರ ಅಪಾಯ, ಬೆರಳು ಪೂರ್ತಿ ಬಗ್ಗದೇ ಹೋಗಬಹುದು ಅನ್ನೋದು, ಇದೆಲ್ಲ ಅವ್ರಿಂದಲೇ ಆಗ್ಬೇಕು" ಎಂದು ವೈದ್ಯ ಪರದೆಯ ಕಡೆ ಕೈ ಮಾಡಿದ. "ಅದು ಸರಿಹೋಗುತ್ತಾ?" ತಪ್ಪು ತಿಳಿಯುವುದಕ್ಕೆ ಅವನಲ್ಲಿ ಜಾಗವೇ ಉಳಿದಿರಲಿಲ್ಲ. ಸರಿಹೋಗುತ್ತದೆ ಎಂದು ಹೇಳಿ ಹೊರಗೆ ಬಂದ.

ಆ ಮಹಡಿಯ ಸ್ವಿಚ್ಚು ಪೊರಕೆ, ಬಕೀಟುಗಳ ಕೋಣೆಯ ಪಕ್ಕದ ಕಿರಿದಾದ ಗೂಡಿನಲ್ಲಿತ್ತು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟೂಲಿನಲ್ಲಿ ಕೂತ. ಹಗಲು ಹೊತ್ತು, ರೋಗಿಗಳಿರುವಾಗ, ಅನುಮತಿಯಿಲ್ಲದೆ ಸ್ವಿಚ್ಚು ಮುಟ್ಟುವುದು ಅವನೇ ಬರೆದ ನಿಯಮಕ್ಕೆ ವಿರುದ್ಧ. ಒಂದು ಗೆರೆ ತಪ್ಪಿದರೆ ಈ ಮಹಡಿಯ ಎದೆಬಡಿತಗಳೆಲ್ಲ ದಾದಿಯರ ಪರದೆಯಿಂದ ಮಾಯ. ಮೇಲಧಿಕಾರಿಗೆ ಫೋನು ಮಾಡಿ, ಮಾಡ್ತಾ ಇದ್ದೀನಿ ಸಾರ್, ಎಂದಷ್ಟೇ ಹೇಳಿದ. ವಾರ್ಡಿನ ಟ್ಯಾಬ್ಲೆಟ್ಟಿಗೆ ಹೊಸ ದರ್ಜೆ ಮಾಡಿದ. ಬಿಸಾಡುವುದನ್ನು ತೆಗೆದು, ದಟ್ಟಣೆಯಾದರೆ ಕ್ಷಣ ತಡೆದು ಬಿಡುವಂತೆ ಬರೆದ. ಎರಡನೇ ಸಾಲಿನಲ್ಲಿ, ಫೋನಿನ ಮಾತಿನ ಪಕ್ಕದಲ್ಲೇ, ಜಾಗ ಅಳೆದು ಕೊಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಬೆರಳು ನಿಂತಿತು. ಟ್ಯಾಬ್ಲೆಟ್ಟಿಗೆ ಮಾತ್ರ ಕೊಟ್ಟರೆ ಯಾರೂ ಸೊಲ್ಲೆತ್ತುವಂತಿಲ್ಲ. ಅದು ಆಸ್ಪತ್ರೆಯ ಸ್ವತ್ತು. ಆದರೆ ಸಂಜೆ ಎದ್ದ ಬಡಗಿ ತನ್ನವರ ಹತ್ತಿರ ಮಾತಾಡುವುದು ತನ್ನ ಫೋನಿನಲ್ಲಿ. ಎರಡೂ ಕಡೆಯಿಂದ ಹರಿಯುವ ವಿಡಿಯೊ ಕರೆಯನ್ನು, ಒಂದೇ ಕಡೆಯಿಂದ ಸುರಿಯುವ ಸಿನಿಮಾದಿಂದ, ಸ್ವಿಚ್ಚು ಬೇರ್ಪಡಿಸಬಲ್ಲದು. ಹಾಗೆ ಬೇರ್ಪಡಿಸಿ ಎಲ್ಲ ಕರೆಗಳನ್ನೂ ಮೇಲಿನ ಸಾಲಿಗೆ ಎತ್ತಿದರೆ ಆ ಎಲ್ಲದರಲ್ಲಿ ಅವಳ ಕರೆಯೂ ಇರುತ್ತದೆ. ಲೆಕ್ಕದ ಗುಮಾಸ್ತನ ಮುಖ, ಅವನ ಹಲ್ಲುಗಳ ಸಮೇತ, ಲ್ಯಾಪ್‌ಟಾಪಿನ ಮೇಲೆ ಬಂದು ಕೂತಿತು. ಕೂತಿರು, ಎಂದುಕೊಂಡು ಅವನು ಎಲ್ಲ ಎಂದೇ ಬರೆದ. ಬರೆದದ್ದನ್ನು ಮೇಲಿಂದ ಕೆಳಕ್ಕೆ ಓದಿದ, ಕೆಳಗಿಂದ ಮೇಲಕ್ಕೆ ಓದಿದ, ಒತ್ತಿದ. ದೀಪಗಳು ಮೊದಲಿನ ಹಾಗೆಯೇ ಮಿನುಗುತ್ತಿದ್ದವು.

ಸರಿಯಾಯಿತೋ ಇಲ್ಲವೋ ಎಂದು ನೋಡಲು ಒಂದು ವಿಡಿಯೊ ಕರೆ ಮಾಡಬೇಕು. ಯಾರಿಗೆ ಮಾಡುವುದು? ಫೋನಿನಲ್ಲಿ ಅಷ್ಟೊಂದು ಹೆಸರುಗಳಿದ್ದವು. ಗೂಡಿನಲ್ಲೇ ಕೂತು, ಆಸ್ಪತ್ರೆಯ ವೈಫೈಯಲ್ಲೇ, ಅವಳಿಗೆ ಕರೆ ಮಾಡಿದ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಫೋನನ್ನು ಮಡಿಸಿದ ಬಟ್ಟೆಗಳಿಗೆ ಆನಿಸಿ ಇಟ್ಟಳು. ಅವಳ ಕೈ ಮೇಲೆದ್ದದ್ದು, ಇಳಿದದ್ದು, ನಡುವಿನ ದಾರಿಯೆಲ್ಲ ಕಂಡಿತು.

"ಅಂಗಳದಲ್ಲಿದ್ದೀಯಾ?"

"ಇಲ್ಲ, ಒಳಗೆ."

ಅವಳು ಕಣ್ಣು ಕಿರಿದು ಮಾಡಿ ಅವನ ಹಿಂದಿನ ತಂತಿಗಳನ್ನು ನೋಡಿದಳು. "ಮತ್ತೆ ಇವತ್ತು ಇಷ್ಟು ಚೆನ್ನಾಗಿ ಕಾಣ್ತಿದ್ದೀಯ?"

ಅವನು ಬಡಗಿಯ ವಿಷಯ ಹೇಳಿದ. ಸಾಲುಗಳ ವಿಷಯ ಹೇಳಿದ. ಒಂದೊಂದೇ ಹೇಳುತ್ತಾ ಹೋದಂತೆ ಅವಳ ಹುಬ್ಬು ಏರುತ್ತಾ ಹೋಯಿತು.

"ಅಂದ್ರೆ ಇದನ್ನ ಮಾಡಕ್ಕೆ ನಿಂಗೆ ಮೊದ್ಲೂ ಬರ್ತಿತ್ತು."

"ಬರ್ತಿತ್ತು."

"ಮತ್ತೆ ಯಾಕೆ ಮಾಡ್ಲಿಲ್ಲ?"

"ನಿನಗೋಸ್ಕರ ಮಾಡ್ದ ಅಂತಾರೆ ಅಂತ."

ಅವಳ ಕೈಗಳು ಸುಮ್ಮನಾದವು. ಚಿತ್ರ ನಿಂತಿತೇನೋ ಎಂದು ಅವನಿಗೆ ಒಂದು ಗಳಿಗೆ ಗಾಬರಿ. ಆದರೆ ಅವಳ ಹಿಂದೆ ಇಸ್ತ್ರಿಪೆಟ್ಟಿಗೆಯ ಹಬೆ ಏಳುತ್ತಲೇ ಇತ್ತು.

"ಜಗತ್ತಲ್ಲಿ ಕಿವುಡಿ ಅಂದ್ರೆ ನಾನೊಬ್ಳೇ ಅಂದ್ಕೊಂಡಿದ್ಯಾ ನೀನು?"

ಎಷ್ಟೋ ದಿನ ಅವನು ಬಾಯಲ್ಲಿ ಹೊರಳಿಸಿದ ನ್ಯಾಯ ಅಷ್ಟಕ್ಕೇ ಮುಗಿದುಹೋಯಿತು. ಅವಳು ಅವನ ಮುಖವನ್ನು ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ಭುಜ ಕುಲುಕುವಂತೆ ನಗತೊಡಗಿದಳು. ಅವಳಿಗೆ ಸಿಟ್ಟು ಬರಲೇಬೇಕಿತ್ತು, ಬಂದಿರಲೂಬಹುದು, ಆದರೆ ನಗು ಮೊದಲು ಬಂದುಬಿಟ್ಟಿತು. ಇದು ಅವಳ ಹಳೆಯ ಅಭ್ಯಾಸ, ಅವನ ಪುಣ್ಯ. "ಹೆಂಗಸರ ಹಾಗೆ ಮಾತಾಡ್ತೀನಂತೆ ನಾನು" ಎಂದ, ನಗುವಿಗೆ ಇನ್ನೊಂದು ಕಡ್ಡಿ ಹಾಕೋಣವೆಂದು. "ಇಷ್ಟು ದಿನ ಗೊತ್ತಿರ್ಲಿಲ್ವಾ? ನನ್ನ ಗೆಳತೀರು ನಿನ್ನನ್ನ ಅಕ್ಕ ಅಂತಾನೇ ಕರೆಯೋದು" ಎಂದಳು. ಒಲೆಯ ಮೇಲೆ ಏನೋ ಸೀದ ವಾಸನೆ ಬಂತೆಂದು ಫೋನು ಹಾಗೇ ಬಿಟ್ಟು ಎದ್ದಳು. ಅವನು ಖಾಲಿ ಗೋಡೆಯನ್ನು ಸ್ವಲ್ಪ ಹೊತ್ತು ಸುಖವಾಗಿ ನೋಡುತ್ತಾ ಕೂತಿದ್ದ. ಗೋಡೆಯೂ ನಿಚ್ಚಳವಾಗಿತ್ತು.

ವಾರ್ಡಿಗೆ ಮರಳಿದಾಗ ಅನುವಾದಕಿಯ ಕೈಗಳು ಓಡುತ್ತಿದ್ದವು, ಬಡಗಿ ಮುಂದಕ್ಕೆ ಬಾಗಿ ನೋಡುತ್ತಿದ್ದ, ವೈದ್ಯ ಪರದೆಯನ್ನು ಬಿಟ್ಟು ಬಡಗಿಯ ಮುಖ ನೋಡಿಕೊಂಡೇ ಮಾತಾಡುವುದನ್ನು ಕಲಿತಿದ್ದ. ಇವನನ್ನು ಯಾರೂ ಗಮನಿಸಲಿಲ್ಲ. ಹೆಬ್ಬೆಟ್ಟು ಬೀಳುವುದನ್ನು ಬಾಗಿಲಿನಿಂದಲೇ ನೋಡಿ ಕೆಳಗೆ ಹೋದ. ಮಧ್ಯಾಹ್ನವೆಲ್ಲ ಮಿಕ್ಕ ಮಹಡಿಗಳ ಸ್ವಿಚ್ಚುಗಳಿಗೆ ಅದೇ ಬರೆದ. ಕ್ಯಾಂಟೀನಿನಲ್ಲಿ ಗುಮಾಸ್ತ ಸಿಕ್ಕ, "ಏನ್ ಸಾಹೇಬ್ರೆ, ವಿಡಿಯೊ ಕರೆ ಎಲ್ಲ ಓಡ್ತಿದೆ, ಮನೆಯೋರು ಗದರಿಸಿದ್ರಾ?" ಎಂದ. "ಹೌದು, ಗದರಿಸಿದ್ರು" ಎಂದು ಅವನು ಟೀ ಕುಡಿದ.

ಮನೆಗೆ ಹೊರಡುವ ಮೊದಲು ಮೂರನೇ ಮಹಡಿಗೆ ಹೋದ. ಕೆಲಸವೇನೂ ಇರಲಿಲ್ಲ. ಬಡಗಿಯ ಆಪರೇಷನ್ ಚೆನ್ನಾಗಿ ಆಗಿದೆ, ಎಚ್ಚರವಾಗಿದ್ದಾರೆ ಎಂದು ಸಿಸ್ಟರ್ ಹೇಳಿದರು. ಒಬ್ಬ ಮನುಷ್ಯನಿಗೆ ತನ್ನಿಂದ ಆದ ಕೆಡುಕು ತನ್ನಿಂದಲೇ ಸರಿಹೋದರೆ ಅವನು ಏನನ್ನು ಬಯಸಬಹುದೋ ಅದನ್ನೇ ಇವನೂ ಬಯಸುತ್ತಿದ್ದ. ಹೊಗಳಿಕೆಯಲ್ಲ, ಒಂದು ತಲೆಯಾಡಿಸುವಿಕೆ ಸಾಕು ಎಂದು ಲೆಕ್ಕ ಹಾಕಿಕೊಂಡೇ ಮಂಚದ ಬಳಿ ಹೋಗಿ ನಿಂತ. ಬಡಗಿಯ ಬಲಗೈ ದಿಂಬಿನ ಮೇಲೆ ಕೂಸಿನಂತೆ ಮಲಗಿತ್ತು. ಸೂಜಿ ಎಡ ಮೊಣಕೈಗಿಂತ ಮೇಲಿತ್ತು, ಅದರ ಕೆಳಗೆ ಎಡಗೈ ಬಿಡುವಾಗಿತ್ತು. ಹೊಟ್ಟೆಯ ಮೇಲಿನ ದಿಂಬಿಗೆ ಫೋನು ಆನಿಸಿತ್ತು, ಅದರಲ್ಲೊಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡೇ ನಗುತ್ತಿದ್ದಳು. ಬಡಗಿ ಅವಳಿಗೆ ದಿನದ ಕಥೆ ಹೇಳುತ್ತಿದ್ದ. ಅರಿವಳಿಕೆಯ ಅಮಲು ಇನ್ನೂ ಇಳಿಯದ ಆ ಒಂದೇ ಕೈ ಮಣಿಕಟ್ಟು ಬಳುಕಿಸಿತು, ಬೆರಳ ತುದಿಯಲ್ಲಿ ವಯ್ಯಾರವಾಗಿ ಏನನ್ನೋ ಮುಗಿಸಿತು. ತನ್ನನ್ನೇ ಅಣಕಿಸುತ್ತಿದ್ದಾನೆ ಎಂದು ಅವನಿಗೆ ಗೊತ್ತಾಯಿತು, ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದಾನೆ ಎಂದೂ ಅನ್ನಿಸಿತು. ಆಮೇಲೆ ಕೈ ಇನ್ನೂ ಬೇಗ ಓಡಿತು. ಅವನ ಮನೆಮಾತಿಗೆ ನಿಲುಕದ ಸಂಗತಿಗಳು, ಮಕ್ಕಳದ್ದೋ ಬೀಗದ್ದೋ ಬಾಗಿಲದ್ದೋ, ಒಂದೂ ಬಿಸಾಡಿಸಿಕೊಳ್ಳದೆ ದಾಟುತ್ತಿದ್ದವು. ಬಡಗಿ ಕೊನೆಗೊಮ್ಮೆ ತಲೆ ಎತ್ತಿ ಇವನನ್ನು ಕಂಡ. ಗುರುತು ಹಿಡಿದ. ಎಡಗೈ ಇವನ ಕಡೆ ತಿರುಗಿತು.

"ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಬೆಳಕಿಗೆ ಅಡ್ಡ ಬರ್ತಿದ್ದೀರಿ."

ಅವನು ಪಕ್ಕಕ್ಕೆ ಸರಿದು ನಿಂತ.